ಮೀನು ತಿರುಗುವಷ್ಟು ಅಗಲ

ಜನವರಿ ೯

ಅಕ್ಕನಿಗೆ,

ನನ್ನ ಪತ್ರ ಓದುವುದೂ ಒಂದೇ, ಔಷಧದ ಬಾಟಲಿಯ ಮೇಲಿನ ಚೀಟಿ ಓದುವುದೂ ಒಂದೇ ಎಂದು ಹೋದ ಸಲ ಹಂಗಿಸಿದ್ದೆಯಲ್ಲ, ಈ ಸಲ ಬರೆಯುವುದಕ್ಕೆ ನಿಜವಾಗಿ ಒಂದು ವಿಷಯ ಸಿಕ್ಕಿದೆ. ನನಗೆ ಗಾಜಿನ ಕೆಲಸ ಕೊಟ್ಟಿದ್ದಾರೆ.

ಇಲ್ಲಿನ ಸಾಹೇಬರು, ಅಂದರೆ ಇಡೀ ಜೈಲಿನ ಮೇಲಧಿಕಾರಿ, ತಮ್ಮ ಕೋಣೆಯಲ್ಲಿ ಮೀನು ಸಾಕಿದ್ದಾರೆ. ಅವರಿಗಿಂತ ಮುಂಚೆ ಇದ್ದವರು ವರ್ಗವಾಗಿ ಹೋಗುವಾಗ ಬೆರಳುದ್ದದ ನಾಲ್ಕು ಮರಿ ಬಿಟ್ಟುಹೋದರಂತೆ. ಅವು ಬೇಟೆಯಾಡುವ ಜಾತಿಯವು ಎಂದು ಯಾರಿಗೂ ಗೊತ್ತಿರಲಿಲ್ಲ. ಚೆಂದಕ್ಕೆಂದು ಜೊತೆಗೆ ಬಿಟ್ಟ ಕೆಂಪು ಕಿರುಮೀನುಗಳೆಲ್ಲ ಒಂದೇ ವಾರದಲ್ಲಿ ಮಾಯವಾದಾಗ ಸಾಹೇಬರು ಮೊದಲು ಅನುಮಾನಪಟ್ಟದ್ದು ಕಸ ಗುಡಿಸುವವನ ಮೇಲೆ. ಈಗ ಒಂದು ಅರೋವಾನಾ, ಎರಡು ಆಸ್ಕರ್, ಇನ್ನೊಂದು ಗಾರ್ ಎನ್ನುವ ಮೀನು ಇವೆ. ಗಾರ್‌ನ ಮೂತಿ ಥೇಟ್ ಮೊಸಳೆಯದು, ನಾವೆಲ್ಲ ಅದನ್ನು ಮೊಸಳೆಮೂತಿ ಅಂತಲೇ ಕರೆಯುವುದು. ಅದರ ಉದ್ದ ಈಗ ಒಂದೂಮುಕ್ಕಾಲು ಅಡಿ, ಟ್ಯಾಂಕಿನ ಅಗಲ ಒಂದೂಕಾಲು ಅಡಿ. ತಿರುಗಬೇಕಾದರೆ ಪ್ರತಿ ಸಲವೂ ಮೈಯನ್ನು ಬಗ್ಗಿಸಬೇಕು. ಬಗ್ಗಿಸಿ ಬಗ್ಗಿಸಿ ಬೆನ್ನು ಸ್ವಲ್ಪ ಸೊಟ್ಟಗಾಗಿದೆ.

ಸಾಹೇಬರು ನನ್ನನ್ನು ಕರೆಸಿ, “ಗಾಜಿನ ಕೆಲಸ ಬರುತ್ತಂತಲ್ಲ ನಿಂಗೆ?” ಎಂದರು. ಬರುತ್ತಿತ್ತು ಎಂದೆ. ನನ್ನ ಕಡತ ಅವರ ಮುಂದೆಯೇ ಇತ್ತು. ಬಟ್ಟೆ ಅಂಗಡಿಯ ಮುಂಭಾಗಕ್ಕೆ ನಾನು ಕೂರಿಸಿದ ಗಾಜು ಮೂರನೆಯ ದಿನಕ್ಕೆ ಕಳಚಿಬಿದ್ದು ಒಬ್ಬ ಹೆಂಗಸಿನ ಜೀವ ಹೋದದ್ದು, ಐದು ವರ್ಷದ ಶಿಕ್ಷೆ, ಅದರಲ್ಲಿ ಮೂರು ಮುಗಿದದ್ದು, ಎಲ್ಲ ಅದರಲ್ಲಿದೆ. ಓದಿಯೂ ನನ್ನ ಕೈಗೆ ಗಾಜು ಕೊಡುತ್ತಿದ್ದಾರೆ. ಕೆಲಸ ಚೆನ್ನಾಗಿ ನಡೆದರೆ, ಒಳ್ಳೆಯ ನಡತೆಯವರನ್ನು ಅವಧಿಗೆ ಮುಂಚೆ ಬಿಡುವ ಪಟ್ಟಿಗೆ ನನ್ನನ್ನೂ ಸೇರಿಸುತ್ತಾರಂತೆ.

ಹೊಸ ಟ್ಯಾಂಕ್ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರ. ನೋಡುವವರಿಗೆ ಉದ್ದ ಬೇಕು, ಮೀನಿಗೆ ಬೇಕಾದದ್ದು ಅಗಲ. ಬೇರೆ ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ, ನೋಡು.

ನಿನ್ನ ತಮ್ಮ


ಜನವರಿ ೨೧

ತಮ್ಮಾ,

ಪತ್ರವನ್ನು ನಿಂತಲ್ಲೇ ಎರಡು ಸಲ ಓದಿದೆ. ಕೈಯಲ್ಲಿ ಹಲ್ಲಿನ ಅಚ್ಚಿನ ಮೇಣ ಇತ್ತು, ಈಗ ನಿನ್ನ ಮೊಸಳೆಮೂತಿಯ ಚಿತ್ರದ ಮೇಲೆ ನನ್ನ ಹೆಬ್ಬೆರಳು ಶಾಶ್ವತವಾಗಿ ಕೂತಿದೆ. ಬಾಯಿ ತೆರೆದು ಕುರ್ಚಿಯಲ್ಲಿ ಮಲಗಿದ್ದ ರೋಗಿಯ ಎದುರಿಗೇ ನಮ್ಮ ಹಲ್ಲಿನ ಡಾಕ್ಟರಿಗೆ ಸುದ್ದಿ ಹೇಳಿಬಿಟ್ಟೆ. ಆ ರೋಗಿಯೂ ಬಾಯಿ ತೆರೆದುಕೊಂಡೇ ಏನೋ ಅಂದರು, ಒಳ್ಳೆಯದಾಗಲಿ ಅಂದಿರಬೇಕು. ಡಾಕ್ಟರೂ ಖುಷಿಪಟ್ಟರು. ಆಮೇಲೆ “ಹಾಗಾದ್ರೆ ಯಾವಾಗ ಬರ್ತಾರೆ?” ಎಂದು ಎರಡು ಸಲ ಕೇಳಿದರು. ಅದು ಬೇರೆ ವಿಷಯ, ನಿನಗೆ ಬೇಡ.

ನೋಡಪ್ಪಾ, ನಿನಗೆ ಕೈಮುಗಿದು ಹೇಳುತ್ತೇನೆ, ಮೈಯೆಲ್ಲ ಕಣ್ಣಾಗಿ ಮಾಡು. ಆ ಸಾಹೇಬರು ಮೂಗಿನ ಮೇಲೆ ಬೆರಳಿಡಬೇಕು. ಅವರು ಸಂತೋಷದಲ್ಲಿ ಇರುವಾಗಲೇ ಅರ್ಜಿಯ ಮಾತು ಎತ್ತು, ಮುಖ ಗಂಟಿಕ್ಕಿಕೊಂಡು ಮೂಲೆಯಲ್ಲಿ ನಿಲ್ಲಬೇಡ. ನಿನ್ನ ಮುಖ ನನಗೆ ಗೊತ್ತಿಲ್ಲವೇ!

ಆ ಮೀನಿಗೆ ಹಲ್ಲೆಷ್ಟು? ಉದುರಿದರೆ ಅಳತೆ ತೆಗೆದು ಕಳಿಸು, ಇಲ್ಲಿಂದ ಒಂದು ಸೆಟ್ ಕಟ್ಟಿ ಕಳಿಸುತ್ತೇನೆ. ಹದಿನೆಂಟು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿದ್ದೇನೆ, ಮೊಸಳೆಯದೊಂದು ಬಾಕಿ ಇತ್ತು.

ಬೀದಿ ಹೇಗಿತ್ತೋ ಹಾಗೇ ಇದೆ. ಟೈಲರ್ ಕನ್ನಡಕ ಬದಲಾಯಿಸಿದ ಮೇಲೆ ಎಲ್ಲರ ತೋಳೂ ಒಂದಿಂಚು ಉದ್ದವಾಗಿವೆ. ಹಾಲಿನವಳ ಮಗಳಿಗೆ ಮದುವೆ ಗೊತ್ತಾಗಿದೆ. ಗೋಡೆಯ ಮೇಲಿನ ಬೆಕ್ಕು ನಮ್ಮ ಮನೆಯನ್ನು ತನ್ನದೇ ಎಂದುಕೊಂಡಿದೆ.

ನೋಡಲು ಬರಲೇ? ಬರಬೇಡ ಎಂದು ನೀನು ಹೇಳಿ ಒಂದೂವರೆ ವರ್ಷವಾಯಿತು.

ನಿನ್ನ ಅಕ್ಕ


ಫೆಬ್ರವರಿ ೧೨

ಅಕ್ಕನಿಗೆ,

ಸಾಹೇಬರಿಗೆ ಟ್ಯಾಂಕ್ ಮಹಡಿಯ ಮೇಲೆ ತಮ್ಮ ಕೋಣೆಯಲ್ಲೇ ಬೇಕಿತ್ತು. ನೀರೇ ಸಾವಿರದ ಏಳುನೂರು ಲೀಟರ್, ಗಾಜು, ಕಬ್ಬಿಣದ ಸ್ಟ್ಯಾಂಡ್, ಮರಳು ಸೇರಿದರೆ ಎರಡು ಟನ್ನಿಗೂ ಮೇಲೆ, ಕೆಳಗೆ ಗುಮಾಸ್ತರು ಕೂತಿರುತ್ತಾರೆ ಎಂದೆ. ಯಾರೋ ಇದನ್ನು ಗುಮಾಸ್ತರ ಕಿವಿಗೆ ಹಾಕಿದ್ದಾರೆ, ಈಗ ಅವರೆಲ್ಲ ನನಗೆ ನಮಸ್ಕಾರ ಮಾಡುತ್ತಾರೆ. ಕೊನೆಗೆ ಕೆಳಗಿನ ಭೇಟಿ ಕೋಣೆ ಗೊತ್ತಾಯಿತು, ಮನೆಯವರು ಬಂದು ಕಾಯುವ ಜಾಗ. ಅಲ್ಲಿನ ಬಾಗಿಲು ಎರಡೇ ಅಡಿ ಅಗಲ. ಹಾಗಾಗಿ ಗಾಜನ್ನು ಬಿಡಿಬಿಡಿಯಾಗಿ ಒಳಗೆ ತಂದು ಅಲ್ಲೇ ಅಂಟಿಸಬೇಕಾಯಿತು. ಒಮ್ಮೆ ಕಟ್ಟಿದ ಮೇಲೆ ಅದು ಆ ಕೋಣೆಯಿಂದ ಹೊರಗೆ ಬರುವಂತಿಲ್ಲ.

ಗಾಜು ತಂದ ವ್ಯಾಪಾರಿ, ಹತ್ತೊಂಬತ್ತು ಮಿಲಿಮೀಟರಿನದು ಸದ್ಯಕ್ಕಿಲ್ಲ, ಹನ್ನೆರಡರದ್ದು ಹಾಕಿ ನಡುವೆ ಪಟ್ಟಿ ಕೊಟ್ಟರೆ ತಡೆಯುತ್ತೆ ಬಿಡಿ ಎಂದ. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ನಾನೇ ಒಮ್ಮೆ ಹೇಳಿದ್ದ ಮಾತು ಅದು. ಕಾಯುತ್ತೇನೆ, ಹತ್ತೊಂಬತ್ತೇ ಬೇಕು ಎಂದೆ. ಎರಡು ವಾರ ಕಾದೆವು.

ಸ್ಟ್ಯಾಂಡಿನ ನಾಲ್ಕು ಮೂಲೆಗೂ ರಸಮಟ್ಟ ಇಟ್ಟು ಸಮ ಇದೆಯೇ ಎಂದು ನೋಡಿ, ಮೇಲೆ ಥರ್ಮಾಕೋಲ್ ಹಾಸಿ, ಮೊನ್ನೆ ಅಂಟಿಸಿ ಮುಗಿಸಿದೆ. ಸಿಲಿಕೋನ್ ಅಂಟು ಗಟ್ಟಿಯಾಗಲು ಒಂದು ವಾರ ಸಾಕು ಎನ್ನುತ್ತಾರೆ. ನಾನು ಇಪ್ಪತ್ತೊಂದು ದಿನ ಕೇಳಿದ್ದೇನೆ. ಸಾಹೇಬರು ದಿನಾ ಬಂದು ಅಂಟನ್ನು ಬೆರಳಿನಿಂದ ಒತ್ತಿ ನೋಡಲು ಹೋಗುತ್ತಾರೆ, ನಾನು ಬೇಡ ಎನ್ನುತ್ತೇನೆ. ಈ ಕಟ್ಟಡದಲ್ಲಿ ಅವರಿಗೆ ಬೇಡ ಎನ್ನುವವನು ಈಗ ನಾನೊಬ್ಬನೇ.

ಆ ಮೀನಿಗೆ ಹಲ್ಲು ಎರಡು ಸಾಲು, ಸೂಜಿಯಂಥವು. ಉದುರಿದರೆ ತಾವೇ ಹುಟ್ಟುತ್ತವೆ. ನಿನಗೆ ಗಿರಾಕಿ ತಪ್ಪಿತು.

ನೋಡಲು ಈಗ ಬರಬೇಡ. ಟ್ಯಾಂಕ್ ಮುಗಿಯಲಿ.

ನಿನ್ನ ತಮ್ಮ


ಮಾರ್ಚ್ ೪

ತಮ್ಮಾ,

ನಾಲ್ಕು ಹಾಳೆ ಗಾಜು, ಅಂಟು, ಸ್ಟ್ಯಾಂಡು. ಅರ್ಜಿಯ ಬಗ್ಗೆ ಅರ್ಧ ಸಾಲು ಇಲ್ಲ. ಕೊಟ್ಟರಾ, ಬಿಟ್ಟರಾ? ಪಟ್ಟಿಗೆ ಹೆಸರು ಹೋಯಿತಾ? ನಾನು ಕೇಳಿದ್ದು ಅದೊಂದೇ.

ನಿನ್ನ ಕೋಣೆಗೆ ಬಣ್ಣ ಹೊಡೆಸಿದ್ದೇನೆ, ತಿಳಿ ಹಸಿರು. ಮೂರು ವರ್ಷದಿಂದ ಮುಚ್ಚಿದ್ದ ಕೋಣೆ, ಬಾಗಿಲು ತೆಗೆದರೆ ಧೂಳಿನ ಜೊತೆ ನಿನ್ನ ಕೆಲಸದ ಚೀಲದ ವಾಸನೆಯೂ ಬಂತು. ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಬಣ್ಣ ಹೊಡೆಯುವವನು ಬೀದಿ ಕಡೆಯ ಕಿಟಕಿಯನ್ನೂ ತೆಗೆದು ಹೊಡೆಯಲಾ ಎಂದ. ಅದು ಇರಲಿ ಬಿಡು ಎಂದೆ.

ಕೋರ್ಟಿನ ಮೆಟ್ಟಿಲ ಮೇಲೆ ನಿನಗೆ ನಾನು ಕೊಟ್ಟ ಮಾತು ನೆನಪಿದೆ ತಾನೇ? ನೀನು ಬರುವ ದಿನ ಬಾಗಿಲು ತೆರೆದಿರುತ್ತದೆ, ನಾನು ಒಳಗೆ ಇರುತ್ತೇನೆ ಎಂದಿದ್ದೆ. ಅದಕ್ಕೆ ಈಗಲೂ ಬದ್ಧಳು. ಆದರೆ ದಿನ ಯಾವುದು ಎಂದು ನನಗೆ ಗೊತ್ತಾಗಬೇಕಲ್ಲವೇ? ಜೂನ್ ಒಳಗೆ ಗೊತ್ತಾದರೆ ಒಳ್ಳೆಯದು. ಯಾಕೆ ಎಂದು ಕೇಳಬೇಡ.

ನಿನ್ನ ಅಕ್ಕ


ಮಾರ್ಚ್ ೩೦

ಅಕ್ಕನಿಗೆ,

ಮೀನುಗಳು ಹೊಸ ಟ್ಯಾಂಕಿಗೆ ಬಂದವು.

ಇಪ್ಪತ್ತೊಂದು ದಿನ ಆದ ಮೇಲೆ ಬರೀ ನೀರು ತುಂಬಿ ಒಂದು ವಾರ ಬಿಟ್ಟೆ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿದ್ದೆ, ಒಂದು ಹನಿ ಬಿದ್ದರೂ ಗೊತ್ತಾಗಲಿ ಎಂದು. ದಿನಕ್ಕೆ ಎಂಟು ಹತ್ತು ಸಲ ಮೊಣಕಾಲೂರಿ ಮುಟ್ಟಿ ನೋಡುತ್ತಿದ್ದೆ. ಒಣಗಿಯೇ ಇತ್ತು. ಆಮೇಲೂ ಮೀನು ಬಿಡುವಂತಿಲ್ಲ. ಹೊಸ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಮೀನಿಗೆ ವಿಷ. ಅವುಗಳ ಹೊಲಸನ್ನು ತಿಂದು ಅರಗಿಸುವ ಸೂಕ್ಷ್ಮ ಜೀವಿಗಳು ಮೊದಲು ಹುಟ್ಟಬೇಕು. ಅದಕ್ಕೆ ಹಳೆಯ ಫಿಲ್ಟರಿನ ಕೊಳೆ ಸ್ಪಂಜನ್ನು ತೊಳೆಯದೆ ಹಾಗೇ ತಂದು ಹೊಸದರಲ್ಲಿ ಇಟ್ಟೆ. ಹಳೆಯ ಕೊಳೆಯಿಂದಲೇ ಹೊಸ ನೀರು ಹದಕ್ಕೆ ಬರುವುದು ಎಂದರೆ ಸಾಹೇಬರು ನಂಬಲಿಲ್ಲ. ನೀರಿನಲ್ಲಿ ಅಮೋನಿಯಾ ವಿಷ ಇಲ್ಲವೆಂದು ಪರೀಕ್ಷೆಯ ಬಣ್ಣ ತೋರಿಸಿದ ಮೇಲೆ ನಂಬಿದರು.

ಮುಚ್ಚಳದ ಮೇಲೆ ಆರು ಇಟ್ಟಿಗೆ ಹೇರಿದ್ದೇನೆ. ಅರೋವಾನಾ ಹಾರುವ ಜಾತಿ, ಎಷ್ಟು ದೊಡ್ಡ ಟ್ಯಾಂಕ್ ಕೊಟ್ಟರೂ ಸಂದು ಸಿಕ್ಕರೆ ಹಾರಿ ನೆಲಕ್ಕೆ ಬಿದ್ದು ಸಾಯುತ್ತದೆ.

ಮೊಸಳೆಮೂತಿ ಮಾತ್ರ ಇನ್ನೂ ಹೊಂದಿಕೊಂಡಿಲ್ಲ. ಹಳೆಯ ಟ್ಯಾಂಕಿನಷ್ಟೇ ದೂರ ಹೋಗಿ, ಅಲ್ಲಿ ಗೋಡೆ ಇದೆಯೇನೋ ಎನ್ನುವಂತೆ ಮೈ ಬಗ್ಗಿಸಿ ತಿರುಗುತ್ತದೆ. ಅದಕ್ಕೆ ಅಭ್ಯಾಸವಾಗಲು ಇನ್ನೂ ಕೆಲವು ತಿಂಗಳು ಬೇಕಾಗಬಹುದು. ಅಲ್ಲಿಯ ತನಕ ಯಾರಾದರೂ ಹತ್ತಿರ ಇದ್ದು ನೋಡಿಕೊಳ್ಳಬೇಕು.

ಆಹಾರ, ನೀರು ಬದಲಾಯಿಸುವ ದಿನ, ಎಲ್ಲದರ ಪಟ್ಟಿ ಬೇರೆ ಹಾಳೆಯಲ್ಲಿದೆ. ಕೋಣೆಗೆ ಬಣ್ಣ ಯಾಕೆ ಹೊಡೆಸಿದೆ? ಅವಸರ ಏನಿತ್ತು?

ನಿನ್ನ ತಮ್ಮ


ಏಪ್ರಿಲ್ ೯

ತಮ್ಮಾ,

ಈಗ ಅರ್ಥವಾಯಿತು. ಪೆದ್ದಿ ನಾನು, ಇಷ್ಟು ದಿನ ಬೇಕಾಯಿತು.

ಈ ಪತ್ರಗಳನ್ನು ಅಲ್ಲಿ ಓದಿ ಮುದ್ರೆ ಒತ್ತಿ ಕಳಿಸುವವರು ಇದ್ದಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಓದಲಿ. ನೀನು ಆ ಮೀನುಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀಯೋ ಅಷ್ಟು ನಿನ್ನನ್ನು ಬಿಡಲು ಅವರಿಗೆ ಮನಸ್ಸು ಬರುವುದಿಲ್ಲ. ನೀನು ಹೋದರೆ ಅವುಗಳ ಬಾಯಿಗೆ ಆಹಾರ ಹಿಡಿಯುವವರು ಯಾರು? ಮೈಯೆಲ್ಲ ಕಣ್ಣಾಗಿ ಮಾಡು ಎಂದು ನಿನಗೆ ಹೇಳಿದ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ನಾನೇ ನಿನ್ನನ್ನು ಸಿಕ್ಕಿಸಿದೆ.

ನೀನು ಬಾಯಿ ಬಿಟ್ಟು ಹೇಳಲಾರೆ, ನನಗೆ ಗೊತ್ತು. ಹೇಳಬೇಡ. ಸುಮ್ಮನಿರು. ನಾನು ಒಂದು ಕೆಲಸ ಮಾಡುತ್ತಿದ್ದೇನೆ.

ನಿನ್ನ ಅಕ್ಕ


ಮೇ ೩

ಅಕ್ಕನಿಗೆ,

ಮೂರು ವಾರದಿಂದ ನಿನ್ನ ಪತ್ರವಿಲ್ಲ. ಏನು ಕೆಲಸ ಮಾಡುತ್ತಿದ್ದೀಯ? ದಯವಿಟ್ಟು ಏನೂ ಮಾಡಬೇಡ. ಸಾಹೇಬರ ಬಗ್ಗೆ ಹಾಗೆಲ್ಲ ಬರೆಯಬೇಡ, ಅವರು ಕೆಟ್ಟವರಲ್ಲ.

ಇಲ್ಲಿ ಕೆಲಸ ಮುಗಿಯುವುದೇ ಇಲ್ಲ. ಕಾಯಿಲೆ ಬಿದ್ದ ಮೀನನ್ನು ಬೇರೆ ಇಡಲು ಇನ್ನೊಂದು ಸಣ್ಣ ಟ್ಯಾಂಕ್ ಬೇಕು ಎಂದು ನಾನೇ ಹೇಳಿ ಒಪ್ಪಿಸಿದ್ದೇನೆ. ಜೀವಂತ ಮೀನು ತಿನ್ನಿಸುವುದನ್ನು ನಿಲ್ಲಿಸಿ ಸತ್ತ ಸಿಗಡಿಗೆ ರೂಢಿ ಮಾಡಿಸುತ್ತಿದ್ದೇನೆ, ಇಲ್ಲದಿದ್ದರೆ ಹೊರಗಿನ ರೋಗವೆಲ್ಲ ಒಳಗೆ ಬರುತ್ತದೆ. ಆಸ್ಕರ್‌ಗಳು ಎರಡೇ ದಿನಕ್ಕೆ ಒಪ್ಪಿದವು. ಅರೋವಾನಾ ಹನ್ನೊಂದು ದಿನ ಉಪವಾಸ ಕೂತಿತು. ಸಾಹೇಬರು ಹೆದರಿ ಹೋದರು. ಹೊಟ್ಟೆಪಾಡು ಸಾರ್, ಬಗ್ಗುತ್ತೆ ಎಂದೆ. ಹನ್ನೆರಡನೆಯ ದಿನ ನನ್ನ ಇಕ್ಕಳದಿಂದಲೇ ತಿಂದಿತು.

ಭೇಟಿಗೆ ಬಂದವರು ಈಗ ಗಡಿಯಾರ ನೋಡುವುದಿಲ್ಲ, ಮೀನು ನೋಡುತ್ತಾರೆ. ಮೊನ್ನೆ ಒಬ್ಬ ಮುದುಕಿ, ಮಗನನ್ನು ನೋಡಲು ಬಂದವಳು, “ಇವಕ್ಕೆ ಎಷ್ಟು ವರ್ಷ?” ಎಂದು ಕೇಳಿದಳು. ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ಎಂದೆ. “ಅಯ್ಯೋ ಪಾಪ, ಏನು ಮಾಡಿದ್ವೋ!” ಎಂದಳು.

ನೀನು ಬರೆಯದಿದ್ದರೆ ನನಗೆ ಇಲ್ಲಿ ದಿನ ಹೋಗುವುದಿಲ್ಲ. ಬೈದಾದರೂ ಬರೆ.

ನಿನ್ನ ತಮ್ಮ


ಮೇ ೨೬

ತಮ್ಮಾ,

ಬೈದಾದರೂ ಬರೆ ಎಂದೆಯಲ್ಲ, ತಗೋ.

ನಾನು ಮಾಡಿದ ಕೆಲಸ ಇದು. ನಿನ್ನ ಎಲ್ಲ ಪತ್ರ, ಎಲ್ಲ ಹಾಳೆ ಹರಡಿಕೊಂಡು ಕೂತು ಮೀನಿನ ವಿಷಯವನ್ನಷ್ಟೇ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಗಾಜು, ಅಂಟು, ನೀರು, ಸ್ಪಂಜು, ಇಟ್ಟಿಗೆ, ಯಾವ ದಿನ ಎಷ್ಟು ಸಿಗಡಿ, ಇಕ್ಕಳ ಹಿಡಿಯುವುದು ಹೇಗೆ, ಒಂದೂ ಬಿಡಲಿಲ್ಲ. ನಿನ್ನ ಚಿತ್ರಗಳನ್ನು ಕಾರ್ಬನ್ ಇಟ್ಟು ತಿದ್ದಿದೆ. ಹಲ್ಲಿನ ಅಚ್ಚಿನ ಕೆಲಸ ಮಾಡಿ ಬಂದ ಕಣ್ಣಿನಲ್ಲೇ ಹದಿನೆಂಟು ಸಂಜೆ ಬರೆದೆ. ಮೇಲೊಂದು ಕಾಗದ ಇಟ್ಟು ಸಾಹೇಬರಿಗೇ ಕಳಿಸಿದೆ. “ನನ್ನ ತಮ್ಮನಿಗೆ ತಿಳಿದದ್ದೆಲ್ಲ ಇದರಲ್ಲಿದೆ. ಇನ್ನು ನಿಮಗೆ ಅವನ ಅಗತ್ಯ ಇಲ್ಲ. ದಯವಿಟ್ಟು ಅವನನ್ನು ನನಗೆ ಕೊಟ್ಟುಬಿಡಿ” ಎಂದು ಬರೆದೆ. ಬರೆದು ಅತ್ತೆ.

ಹೋದ ವಾರ ಅವರ ಉತ್ತರ ಬಂತು. ಇಲ್ಲಿ ಇಳಿಸುತ್ತೇನೆ, ಓದಿಕೋ.

“ನೋಟ್‌ಬುಕ್ ಬಹಳ ಉಪಯೋಗಕ್ಕೆ ಬಂತು, ಧನ್ಯವಾದ. ಆದರೆ ಅವಧಿಗೆ ಮುಂಚಿನ ಬಿಡುಗಡೆಯ ಅರ್ಜಿಯನ್ನು ಫೆಬ್ರವರಿ ಮೊದಲ ವಾರದಲ್ಲೇ ನಿಮ್ಮ ತಮ್ಮನ ಕೈಗೆ ಕೊಟ್ಟಿದ್ದೇನೆ. ಅವನು ಸಹಿ ಹಾಕಿ, ಬಿಡುಗಡೆಯ ನಂತರ ಎಲ್ಲಿ ವಾಸ ಎಂಬ ಸಾಲು ತುಂಬಿ ಕೊಡಬೇಕು. ಮೂರು ಸಲ ಕೇಳಿದೆ. ಟ್ಯಾಂಕ್ ಮುಗಿಯಲಿ ಸಾರ್ ಎಂದ. ಮೀನು ಒಗ್ಗಲಿ ಎಂದ. ಜೂನ್ ಮೂವತ್ತರ ನಂತರ ಈ ವರ್ಷದ ಪಟ್ಟಿ ಮುಚ್ಚುತ್ತದೆ. ಇನ್ನೊಂದು ಮಾತು, ಒಂಬತ್ತನೆಯ ಪುಟದಲ್ಲಿ ತಪ್ಪಿದೆ. ಗಾರ್ ಮೀನು ಹೊಸ ಟ್ಯಾಂಕಿಗೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಳ್ಳಲಿಲ್ಲ. ಬಿಟ್ಟ ಅರ್ಧ ಗಂಟೆಯಲ್ಲಿ ಆ ತುದಿಯ ತನಕ ಹೋಗಿ ಆರಾಮಾಗಿ ತಿರುಗಿತು. ನಾನು ಪಕ್ಕದಲ್ಲೇ ನಿಂತಿದ್ದೆ, ನಿಮ್ಮ ತಮ್ಮನೂ ನಿಂತಿದ್ದ.”

ಓದಿದೆಯಾ? ನಾಲ್ಕು ತಿಂಗಳು ಆ ಕಾಗದ ನಿನ್ನ ದಿಂಬಿನ ಕೆಳಗೆ ಇತ್ತು. ನಾನು ಇಲ್ಲಿ ಗೋಡೆಗೆ ಹಸಿರು ಬಣ್ಣ ಹೊಡೆಸುತ್ತಿದ್ದೆ.

ಈಗ ನನ್ನದೂ ಕೇಳು. ಡಾಕ್ಟರು ಜುಲೈ ಒಂದರಿಂದ ಬೇರೆ ಊರಿಗೆ ಹೋಗುತ್ತಿದ್ದಾರೆ. ಅಲ್ಲಿ ಅವರದು ದೊಡ್ಡ ಆಸ್ಪತ್ರೆ, ಹಲ್ಲು ಕಟ್ಟುವ ಕೋಣೆಯೇ ಬೇರೆ, ನನ್ನ ಕೈಕೆಳಗೆ ನಾಲ್ಕು ಜನ. ಜನವರಿಯಿಂದ ಕೇಳುತ್ತಿದ್ದಾರೆ. ತಮ್ಮ ಬರಲಿ, ಬಾಗಿಲು ತೆರೆದು ಕೊಟ್ಟು ಬರುತ್ತೇನೆ ಎಂದು ನಾನು ಅವರನ್ನು ಕಾಯಿಸುತ್ತಿದ್ದೇನೆ. ನಲವತ್ತನಾಲ್ಕು ವಯಸ್ಸಿನಲ್ಲಿ ನನ್ನನ್ನು ಕೇಳಿಕೊಂಡು ಬಂದ ಒಂದೇ ಒಂದು ಒಳ್ಳೆಯ ಸಂಗತಿ ಅದು. ನಿನಗೆ ಹೇಳಿದರೆ ನಿನ್ನ ಮನಸ್ಸಿಗೆ ಭಾರ ಎಂದು ಹೇಳಲಿಲ್ಲ. ನಿನಗೆ ಭಾರವಂತೆ!

ಯಾಕೆ, ಅದನ್ನಷ್ಟೇ ಬರೆ. ಮೀನಿನ ಮಾತು ಒಂದು ಬಂದರೂ ಪತ್ರ ಹರಿದು ಹಾಕುತ್ತೇನೆ.

ಅಕ್ಕ


ಜೂನ್ ೮

ಅಕ್ಕಾ,

ಬಿಡುಗಡೆಯ ನಂತರ ಎಲ್ಲಿ ವಾಸ. ಆ ಸಾಲಿನಲ್ಲಿ ಬರೆಯಲು ನನಗೆ ಇರುವುದು ನಮ್ಮ ಮನೆಯ ವಿಳಾಸ ಒಂದೇ. ಪ್ರತಿ ಸಲ ಪೆನ್ನು ಹಿಡಿದು ಮನೆಯ ನಂಬರು ಬರೆಯುತ್ತೇನೆ, ಬೀದಿಯ ಹೆಸರಿಗೆ ಬರುವಷ್ಟರಲ್ಲಿ ಕೈ ನಿಲ್ಲುತ್ತದೆ.

ಮೂರು ವರ್ಷದಲ್ಲಿ ನೀನು ನನಗೆ ಆ ಬೀದಿಯ ಎಲ್ಲರ ಬಗ್ಗೆಯೂ ಬರೆದಿದ್ದೀಯ. ಟೈಲರ್, ಹಾಲಿನವಳು, ಕೊನೆಗೆ ಬೆಕ್ಕು. ನಮ್ಮ ಬಾಗಿಲಿಗೆ ಎದುರಾಗಿ, ಸ್ವಲ್ಪ ಬಲಕ್ಕೆ ಕೂತಿರುವ ಗಡಿಯಾರ ರಿಪೇರಿಯವರ ಬಗ್ಗೆ ಒಂದು ಮಾತೂ ಬರೆದಿಲ್ಲ. ನೀನು ಬರೆಯದಿದ್ದರಿಂದಲೇ ಅವರು ಅಲ್ಲೇ ಇದ್ದಾರೆ ಎಂದು ನನಗೆ ಗೊತ್ತು. ಸತ್ತದ್ದು ಅವರ ಹೆಂಡತಿ. ದಿನಾ ಹನ್ನೆರಡೂವರೆಗೆ ಅವರಿಗೆ ಊಟದ ಡಬ್ಬಿ ಹಿಡಿದು ಬರುತ್ತಿದ್ದರು. ಆ ದಿನ ಬಟ್ಟೆ ಅಂಗಡಿಯ ಮುಂದೆ ಒಂದು ನಿಮಿಷ ನಿಂತು ಒಳಗೆ ನೋಡಿದರು, ಅಷ್ಟೇ. ಹನ್ನೆರಡು ಮಿಲಿಮೀಟರ್ ಗಾಜು ಬರಲು ತಡವಾಗುತ್ತಿತ್ತು, ಅಂಗಡಿಯವರಿಗೆ ಅವಸರ, ನಾನು ಎಂಟರದ್ದನ್ನು ಹಾಕಿ ಅಂಟಿಗೆ ಒಂದೇ ದಿನ ಕೊಟ್ಟೆ. ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ಇದನ್ನು ಹೇಳಿದೆ. ಮೂರು ಗಜ ದೂರದಲ್ಲಿ ಕೂತಿದ್ದ ಗಡಿಯಾರದವರ ಕಡೆ ತಿರುಗಿ ನೋಡಲಿಲ್ಲ.

ಇಲ್ಲಿಂದ ಬಿಟ್ಟರೆ ನಾನು ದಿನಾ ಅವರ ಕಣ್ಣೆದುರಿಗೇ ಬಾಗಿಲು ತೆಗೆಯಬೇಕು, ಹಾಕಬೇಕು. ನನಗೆ ಭಯ ಅಕ್ಕಾ. ಅವರು ಬೈದರೆ, ಹೊಡೆದರೆ ತಡೆದುಕೊಂಡೇನು. ಸುಮ್ಮನೆ ಕೂತು ನೋಡಿದರೆ ಏನು ಮಾಡಲಿ? ನಿನ್ನನ್ನು ಭೇಟಿಗೆ ಬರಬೇಡ ಎಂದದ್ದೂ ಅದಕ್ಕೇ. ನೀನು ಬಂದಾಗಲೆಲ್ಲ ಆ ಬೀದಿಯಿಂದ ಎದ್ದು ಬಂದವಳ ಹಾಗೆ ಕಾಣುತ್ತಿದ್ದೆ.

ಒಂಬತ್ತನೆಯ ಪುಟ ಸುಳ್ಳು. ಹರಿದು ಹಾಕುವುದಾದರೆ ಹಾಕು, ಇದೊಂದನ್ನು ಬರೆಯಲೇಬೇಕು. ಆ ಮೀನು ತಿರುಗಿದಾಗ ಸಾಹೇಬರು ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಗಿ ಇಟ್ಟಿಗೆ ಸರಿಮಾಡುವ ನೆಪದಲ್ಲಿ ಆ ಕಡೆ ಹೋದೆ.

ನಿನ್ನ ಕೆಲಸದ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಸಹಿ ಹಾಕುತ್ತಿದ್ದೆನೇ? ಹಾಕುತ್ತಿದ್ದೆ ಎಂದು ಬರೆಯಲು ಹೋದೆ, ಅದೂ ಸುಳ್ಳಾದೀತು ಎಂದು ಬಿಟ್ಟೆ.

ತಮ್ಮ


ಜೂನ್ ೨೦

ತಮ್ಮಾ,

ಹರಿದು ಹಾಕಲಿಲ್ಲ.

ನಾನೂ ಒಂದು ಒಪ್ಪಿಕೊಳ್ಳಬೇಕು. ಮೂರು ವರ್ಷದಿಂದ ನಾನೂ ಅವರ ಅಂಗಡಿಯ ಮುಂದೆ ಹೋಗಿಲ್ಲ. ಬಾಗಿಲು ತೆಗೆದ ಕೂಡಲೇ ತಲೆ ತಗ್ಗಿಸಿ ಎಡಕ್ಕೆ ತಿರುಗಿಬಿಡುತ್ತೇನೆ. ಬಸ್ ನಿಲ್ದಾಣ ಇರುವುದು ಬಲಕ್ಕೆ, ಆದರೂ ಬೀದಿ ಸುತ್ತಿಕೊಂಡೇ ಹೋಗುವುದು. ನಿನ್ನ ಕೋಣೆಯ ಕಿಟಕಿಗೆ ಮೊಳೆ ಹೊಡೆದವಳೂ ನಾನೇ. ನೀನು ಬಂದಾಗ ಅವರು ನಿನಗೆ ಕಾಣದಿರಲಿ ಎಂದು. ನಮ್ಮಿಬ್ಬರಲ್ಲಿ ಯಾರು ಯಾರಿಗೆ ಬೈಯಬೇಕು ಹೇಳು.

ನಾನು ಹೋಗುತ್ತಿದ್ದೇನೆ. ಡಾಕ್ಟರಿಗೆ ಹೂಂ ಎಂದಾಯಿತು, ಜುಲೈ ಒಂದಕ್ಕೆ ಅಲ್ಲಿರಬೇಕು. ಕೋರ್ಟಿನ ಮೆಟ್ಟಿಲ ಮೇಲೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ. ನೀನು ಬಂದಾಗ ಬಾಗಿಲು ತೆರೆದಿರುವುದಿಲ್ಲ, ನಾನು ಒಳಗೆ ಇರುವುದಿಲ್ಲ.

ನಿನ್ನ ಕೀಲಿಯನ್ನು ಗಡಿಯಾರದವರ ಹತ್ತಿರ ಕೊಟ್ಟಿದ್ದೇನೆ.

ನಿನ್ನೆ ಬಲಕ್ಕೆ ತಿರುಗಿ ಹೋದೆ. ಹತ್ತು ಹೆಜ್ಜೆಯೂ ಇಲ್ಲ. ಅವರು ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಊರು ಬಿಡ್ತಿದೀನಿ, ತಮ್ಮ ಬಂದರೆ ಕೊಡೋಕೆ ಈ ಕೀಲಿ ನಿಮ್ಮ ಹತ್ರ ಇಡಬಹುದಾ, ಬೇಡ ಅಂದರೆ ಬೇಡ ಎಂದೆ. ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟರು. ಆಮೇಲೆ “ಟೈಲರ್ ಪಕ್ಕದಲ್ಲೇ ಇದಾನಲ್ಲಮ್ಮಾ” ಎಂದರು. ಇದ್ದಾನೆ ಎಂದೆ. ರಿಪೇರಿಗೆ ಬಂದ ಗಡಿಯಾರಕ್ಕೆ ಕಟ್ಟುವ ಚೀಟಿ ಇರುತ್ತದಲ್ಲ, ಅದೊಂದು ತೆಗೆದು ತಾರೀಖು ಬರೆದು ಕೀಲಿಗೆ ಕಟ್ಟಿ ಡ್ರಾಯರ್‌ಗೆ ಹಾಕಿದರು. ಕ್ಷಮಿಸಿದರು ಎಂದು ನಾನು ನಿನಗೆ ಸುಳ್ಳು ಹೇಳಲಾರೆ. ಬೇಡ ಎನ್ನಲಿಲ್ಲ, ನಾನು ಕಂಡದ್ದು ಅಷ್ಟೇ.

ಪಟ್ಟಿ ಮುಚ್ಚಲು ಇನ್ನು ಹತ್ತು ದಿನ ಇದೆ. ಸಹಿ ಹಾಕುವುದೂ ಬಿಡುವುದೂ ನಿನ್ನದು. ಹಾಕಲೇಬೇಕು ಎಂದು ನಾನಿನ್ನು ಹೇಳುವುದಿಲ್ಲ, ಹೇಳಿ ಹೇಳಿ ಸಾಕಾಗಿದೆ. ಹೊಸ ವಿಳಾಸ ಹಿಂದಿನ ಪುಟದಲ್ಲಿದೆ.

ನಿನ್ನ ಅಕ್ಕ


ಜುಲೈ ೩೧

ಅಕ್ಕಾ,

ಇದನ್ನು ನಮ್ಮ ಮನೆಯಲ್ಲಿ, ನಿನ್ನ ಮೇಜಿನ ಮೇಲೆ ಬರೆಯುತ್ತಿದ್ದೇನೆ.

ಸಹಿ ಹಾಕಿದ್ದು ಜೂನ್ ಇಪ್ಪತ್ತೊಂಬತ್ತಕ್ಕೆ. ಹೊರಡುವ ದಿನ ಸಾಹೇಬರು ನಿನ್ನ ನೋಟ್‌ಬುಕ್ ಹಿಡಿದು ತಾವೇ ಮೊಸಳೆಮೂತಿಗೆ ಸಿಗಡಿ ತಿನ್ನಿಸಿ ತೋರಿಸಿದರು. ಅದು ಅವರ ಇಕ್ಕಳದಿಂದಲೂ ಅಷ್ಟೇ ಆಸೆಯಿಂದ ತಿಂದಿತು. ನನಗೆ ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕಲ್ಲ.

ನಿನ್ನೆ ಹನ್ನೊಂದು ಗಂಟೆಗೆ ಬೀದಿಗೆ ಬಂದೆ. ನಮ್ಮ ಬಾಗಿಲ ಮುಂದೆ, ಗಡಿಯಾರದವರಿಗೆ ಬೆನ್ನು ಹಾಕಿ, ಬೀಗವನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಟೈಲರ್ ಮಿಷನ್ ತುಳಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ತಿರುಗಿದೆ. ಅವರ ಮೇಜಿನ ಮುಂದೆ ಹೋಗಿ ನಿಂತೆ.

ಮೂರು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಎಂಟು ಮಿಲಿಮೀಟರಿಂದು ಹಾಕಿದ್ದೆ. ಹನ್ನೆರಡು ಹಾಕಬೇಕಿತ್ತು. ನಂಗೆ ಗೊತ್ತಿತ್ತು” ಎಂದೆ. ಅವರು ಕಣ್ಣಿನಿಂದ ಗಾಜು ತೆಗೆದರು. ಬಹಳ ವಯಸ್ಸಾಗಿದೆ ಅವರಿಗೆ.

“ಕೋರ್ಟಲ್ಲಿ ಕೇಳಿದೀನಿ. ನನಗೆ ಹೇಳಿರಲಿಲ್ಲ” ಎಂದರು.

ನಾನು ಅಲ್ಲೇ ನಿಂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೀಲಿ ಡ್ರಾಯರ್‌ನಲ್ಲಿ ಇರಲಿಲ್ಲ. ಮೇಜಿನ ಮೇಲೆಯೇ, ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲಿತ್ತು. ಚೀಟಿಯ ತಾರೀಖನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

“ನಲವತ್ತೊಂದು ದಿನ ಆಯ್ತು. ದಿನಾ ಬೆಳಿಗ್ಗೆ ತೆಗೆದು ಮೇಲೆ ಇಡ್ತಿದ್ದೆ, ಸಂಜೆ ಒಳಗೆ ಹಾಕ್ತಿದ್ದೆ. ತಗೊಂಡು ಹೋಗಿ. ಬೆಳಕಿಗೆ ಅಡ್ಡ ನಿಂತಿದೀರ.”

ತಗೊಂಡು ಬಂದೆ.

ಹಸಿರು ಬಣ್ಣ ಚೆನ್ನಾಗಿದೆ. ಅಡುಗೆಮನೆಯ ಗೂಡಿನಲ್ಲಿ ಯಾರದೋ ಮೇಲಿನ ಸಾಲು ಹಲ್ಲು ಬಿಟ್ಟು ಹೋಗಿದ್ದೀಯ, ಮೊದಲು ನೋಡಿ ಬೆಚ್ಚಿಬಿದ್ದೆ. ಕಳಿಸಬೇಕಾ? ಬೆಕ್ಕು ನನ್ನನ್ನು ಒಳಗೆ ಬಿಟ್ಟುಕೊಂಡಿದೆ.

ಇವತ್ತು ಬೆಳಿಗ್ಗೆ ಕಿಟಕಿಯ ಮೊಳೆಗಳನ್ನು ಕಿತ್ತೆ. ಹನ್ನೊಂದು ಮೊಳೆ ಹೊಡೆದಿದ್ದೀಯ, ನಾಲ್ಕು ಸಾಕಿತ್ತು. ಎರಡೂ ಕದ ತೆಗೆದೆ. ಹನ್ನೆರಡೂವರೆಗೆ ಅವರು ಅಂಗಡಿಯ ಒಳಗಿನಿಂದ ತಾವೇ ತಂದುಕೊಂಡ ಡಬ್ಬಿ ತೆಗೆದು ಉಣ್ಣಲು ಕೂತರು. ನಡುವೆ ಒಮ್ಮೆ ತಲೆ ಎತ್ತಿ ಈ ಕಡೆ ನೋಡಿದರು. ನಾನು ಕಿಟಕಿಯಿಂದ ಹಿಂದೆ ಸರಿಯಲಿಲ್ಲ.

ನಿನ್ನ ತಮ್ಮ